ಮೂನ್‌ಲೈಟ್ ಸೊನಾಟ ಮೊದಲ ಭಾಗಕ್ಕೇ ಮುಗಿಯಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ನಿಮ್ಮ ಪುರವಣಿಲಿ ರಾತ್ರಿ ನಿದ್ದೆ ಬರೋಕೆ ಯಾವ ಸಂಗೀತ ಕೇಳ್ಬೇಕು ಅಂತ ಒಂದು ಪಟ್ಟಿ ಹಾಕಿದ್ರಿ, ಅದ್ರಲ್ಲಿ ಜರ್ಮನ್ ಸಂಗೀತಗಾರ ಬೀಥೋವನ್ ಪಿಯಾನೊಗೆ ಬರೆದ ಮೂನ್‌ಲೈಟ್ (ಬೆಳದಿಂಗಳು) ಸೊನಾಟನೂ ಇತ್ತು, ಪಕ್ಕದಲ್ಲಿ ಕೆರೆ ಮೇಲೆ ಬೆಳದಿಂಗಳು ಬಿದ್ದಿರೋ ಫೋಟೊ. ಓದಿ ಸುಮ್ನಿರೋಕೆ ಆಗ್ಲಿಲ್ಲ, ಅದಕ್ಕೇ ಬರೀತಿದೀನಿ. ಆ ಸೊನಾಟದಲ್ಲಿ ಮೂರು ಭಾಗ ಇದೆ. ನೀವು ಹೇಳಿರೋದು ಬರೀ ಮೊದಲನೇದು, ಐದಾರು ನಿಮಿಷದ್ದು. ಮೂರನೇದು ಕೇಳಿದ್ರೆ ಯಾರಿಗೂ ನಿದ್ದೆ ಬರೋಲ್ಲ.

ಬೆಳದಿಂಗಳು ಅನ್ನೋ ಹೆಸರನ್ನ ಬೀಥೋವನ್ ಇಟ್ಟಿದ್ದಲ್ಲ. 1801ರಲ್ಲಿ ಬರೆದ, 1802ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯ್ತು, ತನ್ನ ಶಿಷ್ಯೆ ಜೂಲಿಯೆಟ್ಟಾ ಗ್ವಿಚಾರ್ಡಿಗೆ ಅರ್ಪಿಸಿದ್ದ. ಆಮೇಲೆ ರೆಲ್‌ಸ್ಟಾಬ್ ಅನ್ನೋ ಜರ್ಮನ್ ವಿಮರ್ಶಕ ಇದರ ಮೊದಲ ಭಾಗನ ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ, ಹೆಸರು ಅಂಟಿಕೊಂಡ್ಬಿಡ್ತು. ಇದನ್ನ ಬರೆದಾಗ ಬೀಥೋವನ್‌ನ ಪರಿಸ್ಥಿತಿ ನೋಡಿದ್ರೆ ನನಗೆ ಹೊಟ್ಟೆಲಿ ಸಂಕಟ ಆಗತ್ತೆ. ವಯಸ್ಸು ಮೂವತ್ತು. ಅದೇ 1801ರ ಜೂನ್‌ನಲ್ಲಿ ಡಾಕ್ಟರ್ ಆಗಿದ್ದ ಗೆಳೆಯ ವೆಗೆಲರ್‌ಗೆ ಕಾಗದ ಬರೀತಾನೆ, ಕಿವಿಲಿ ಹಗಲೂ ರಾತ್ರಿ ಗುಂಯ್‌ಗುಡತ್ತೆ, ನಾಟಕಕ್ಕೆ ಹೋದ್ರೆ ವಾದ್ಯದವರ ಹತ್ರಕ್ಕೇ ಬಗ್ಗಿ ಕೂತ್ಕೋಬೇಕು, ಸ್ವಲ್ಪ ದೂರ ಆದ್ರೂ ಮೇಲಿನ ಸ್ವರಗಳು ಕೇಳ್ಸೋದೇ ಇಲ್ಲ ಅಂತ.

ನಾನು ಚಿಕ್ಕೋಳಿದ್ದಾಗ ಕಲಿತಿದ್ದು ಕರ್ನಾಟಕ ಸಂಗೀತ, ಪಿಯಾನೊ ಮನೆಗೆ ಬಂದಿದ್ದು ಮಗಳಿಂದ. ಹಾಗಾಗಿ ನನ್ನ ಕಿವಿ ಇದನ್ನ ಹೇಗೆ ಹಿಡೀತು ಅಂತ ಹೇಳ್ತೀನಿ, ಹಾರ್ಮನಿನ, ಅಂದ್ರೆ ಹಲವು ಸ್ವರ ಒಟ್ಟಿಗೆ ಕೂಡಿಸೋ ಪದ್ಧತಿನ, ರಾಗ ಅಂತ ಕರೆಯೋದು ಸರಿಯಲ್ಲ ಅಂತ ಗೊತ್ತು, ಆದ್ರೆ ನಮ್ಮ ಓದುಗರಿಗೆ ದಾರಿ ಸಿಗತ್ತೆ. ಶ್ರುತಿ, ಅಂದ್ರೆ ಸ ನಿಲ್ಲೋ ಜಾಗ, ಒಂದೂವರೆ ಮನೆ. ಬಲಗೈಲಿ ತಿಶ್ರ ನಡೆ, ಅಂದ್ರೆ ಮೂರು ಮೂರು ಸ್ವರದ ಗುಂಪು, ಮಂದ್ರದ (ಕೆಳ ಸ್ಥಾಯಿಯ) ಪ, ಸ, ಗ, ಮತ್ತೆ ಪ, ಸ, ಗ, ನಿಧಾನಕ್ಕೆ, ಬಿಡದೆ. ಗಾಂಧಾರ (ಗ) ಸಾಧಾರಣ, ಅಂದ್ರೆ ಸ್ವಲ್ಪ ಕೆಳಗಿನದು, ಸುಮಾರಾಗಿ ಕೀರವಾಣಿ ರಾಗದ ನೆರಳು. ಎಡಗೈ ಕೆಳಗೆ ಭಾರವಾದ ಒಂದೊಂದೇ ಸ್ವರ ಇಡತ್ತೆ. ಮೇಲೆ ಹಾಡು ಶುರುವಾಗೋದೇ ಪಂಚಮದಲ್ಲಿ, ಪಾ ಪ ಪಾ, ಮತ್ತೆ ಪಾ ಪ ಪಾ, ಆಮೇಲೆ ಒಂದು ಸಲ ಅದರ ಮೇಲಿನ ಶುದ್ಧ ಧೈವತನ ಮುಟ್ಟಿ ವಾಪಸ್ ಪಂಚಮಕ್ಕೇ. ಇದನ್ನ ನುಡಿಸಬೇಕಾಗಿರೋದು ತಿಶ್ರ ನಡೆ ಹಿಡಿದಿರೋ ಅದೇ ಬಲಗೈಯ ಕಿರುಬೆರಳು. ಮಗಳು ಆ ಒಂದು ಬೆರಳಿಗೆ ಜೋರು ಕೊಟ್ಟು ಪಕ್ಕದ ಬೆರಳುಗಳನ್ನ ಮೆತ್ತಗಿಡೋದು ಕಲಿಯೋಕೇ ಎರಡು ತಿಂಗಳು ತಗೊಂಡ್ಲು. ಇದನ್ನ ಶಾಂತಿ ಅಂತಾರೆ, ನನಗೆ ಇದು ಅಳು ಬರ್ತಿದ್ರೂ ತಡ್ಕೊಂಡಿರೋರ ಮೌನದ ಥರ ಕೇಳತ್ತೆ.

ಎರಡನೇದು ಎರಡೂ ಚಿಲ್ಲರೆ ನಿಮಿಷ, ಹಗುರವಾಗಿ ಹೆಜ್ಜೆ ಹಾಕೋ ಥರದ್ದು. ಷಡ್ಜದ ಮನೆ ಬದಲಾಗಿಲ್ಲ, ಗಾಂಧಾರ ಸ್ವಲ್ಪ ಮೇಲೇರಿ ಅಂತರ ಗಾಂಧಾರ ಆಗತ್ತೆ, ಧೈವತನೂ ಏರತ್ತೆ, ಶಂಕರಾಭರಣ ರಾಗ ಬಂದ್ಬಿಡತ್ತೆ, ಮುಚ್ಚಿದ ಮನೇಲಿ ಒಂದು ಕಿಟಕಿ ತೆಗೆದ ಹಾಗೆ.

ಆಮೇಲೆ ಮೂರನೇದು, ಪ್ರೆಸ್ಟೊ ಅಜಿಟಾಟೊ, ಅಂದ್ರೆ ತುಂಬ ವೇಗವಾಗಿ, ಕಳವಳದಿಂದ. ಮತ್ತೆ ಸಾಧಾರಣ ಗಾಂಧಾರ. ಬಲಗೈ ಕೆಳಗಿಂದ ಮೇಲಕ್ಕೆ ಓಡತ್ತೆ, ತುದಿ ಮುಟ್ಟಿದ ತಕ್ಷಣ ಎರಡು ಏಟು, ಮತ್ತೆ ಕೆಳಗಿಂದ ಓಟ, ಮತ್ತೆ ಎರಡು ಏಟು. ಮಗಳು ನುಡಿಸೋವಾಗ ಡಿಜಿಟಲ್ ಪಿಯಾನೊ ಸ್ಟ್ಯಾಂಡ್ ಗಡಗಡ ಅಲ್ಲಾಡತ್ತೆ, ಮೇಲಿಟ್ಟಿರೋ ಪೆನ್ಸಿಲ್ ಉರುಳಿ ಬೀಳತ್ತೆ. ಒಂದಿನ ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಕೇಳ್ತಿದ್ದೋಳಿಗೆ ತಟ್ಟನೆ ಹೊಳೀತು, ಈ ಓಟ ಯಾವ ಸ್ವರದಲ್ಲಿ ಶುರುವಾಗ್ತಿದೆ ಅಂತ. ಅದೇ ಪ, ಸ, ಗ! ಮೊದಲ ಭಾಗದಲ್ಲಿ ಅಷ್ಟು ಮೆತ್ತಗೆ ಸುತ್ತುತಿದ್ದ ಅದೇ ಮೂರು ಸ್ವರ. ಕೈಲಿದ್ದ ಸೊಪ್ಪು ಹಾಗೇ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಬಿಟ್ಟೆ. ಆಗಿನ ಸೊನಾಟಗಳು ಸಾಮಾನ್ಯವಾಗಿ ಜೋರಾಗಿ ಶುರುವಾಗೋವು, ಮಧ್ಯದಲ್ಲಿ ವಿಳಂಬ, ಅಂದ್ರೆ ನಿಧಾನದ ಭಾಗ, ಬರೋದು, ಈತ ವಿಳಂಬನ ಮುಂದಿಟ್ಟು ಭಾರನೆಲ್ಲ ಕೊನೆಗೆ ತಳ್ಳಿದ್ದಾನೆ, ಅಂದ್ರೆ ಮೊದಲು ತಡ್ಕೊಂಡಿದ್ದೆಲ್ಲ ಒಡೆಯೋದು ಇಲ್ಲೇ, ಇದನ್ನ ಬಿಟ್ರೆ ಮೊದಲನೇದು ಅರ್ಧ ಮಾತಾಗೇ ಉಳಿಯತ್ತೆ.

ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಮಗಳು ನುಡಿಸ್ತಿದ್ಲು, ಮೊದಲ ಭಾಗ ಮುಗೀತಿದ್ದ ಹಾಗೇ ಚಪ್ಪಾಳೆ, ನಿರೂಪಣೆ ಮಾಡ್ತಿದ್ದೋರು ಮೈಕ್ ತಗೊಂಡು ಧನ್ಯವಾದ ಹೇಳಿ ಮುಂದಿನೋರನ್ನ ಕರೆದೇಬಿಟ್ರು. ಮೊದಲ ಭಾಗದ ಕೊನೇಲಿ ಬೀಥೋವನ್ನೇ ಬರೆದಿದ್ದಾನೆ, ನಿಲ್ಲಿಸದೆ ತಕ್ಷಣ ಮುಂದಿನದಕ್ಕೆ ಹೋಗಿ ಅಂತ. ಮಗಳು ಕೈ ಮಡಿಲಲ್ಲಿಟ್ಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಇನ್ನೂ ಕಣ್ಮುಂದೆ ಇದೆ. ಪಲ್ಲವಿ ಮುಗಿದ್ಮೇಲೆ ಹಾಡುಗಾರರನ್ನ ನಾವು ಯಾವತ್ತಾದ್ರೂ ಎಬ್ಬಿಸಿ ಕಳಿಸ್ತೀವಾ?

ಈ ಸಂಗೀತ ನಮ್ಮೂರಿಗೆ ಹೊಸದೂ ಅಲ್ಲ. ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು, ಲಂಡನ್‌ನಲ್ಲಿದ್ದ ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಕೊನೆಗಾಲದಲ್ಲಿ ತನ್ನ ಕೃತಿಗಳನ್ನ ತಾನೇ ನುಡಿಸಿ ರೆಕಾರ್ಡ್ ಮಾಡೋಕೆ ದುಡ್ಡು ಕೊಟ್ಟವರು, ಆತ ತನ್ನ ಮೂರನೇ ಪಿಯಾನೊ ಕಾನ್ಸರ್ಟೊನ (ಪಿಯಾನೊ ಜತೆ ವಾದ್ಯವೃಂದ ನುಡಿಸೋ ಕೃತಿ) ಅವರಿಗೇ ಅರ್ಪಿಸಿದ.

ದಯವಿಟ್ಟು ಮುಂದಿನ ಪುರವಣಿಲಿ ಮೂರೂ ಭಾಗದ ಬಗ್ಗೆ ನಾಲ್ಕು ಸಾಲಾದ್ರೂ ಹಾಕಿ. ಎಲ್ಲಾ ಸೇರಿ ಕಾಲು ಗಂಟೆ ಅಷ್ಟೆ. ಓದುಗರು ಮೊದಲನೇದರ ಪ, ಸ, ಗ ಕಿವಿಲಿಟ್ಕೊಂಡು, ನಿಲ್ಲಿಸದೆ ಮೂರನೇದಕ್ಕೆ ಹೋಗ್ಲಿ.

ಇಂತಿ,
ನಿಮ್ಮ ಹಳೇ ಓದುಗಿ, ಮೈಸೂರು