ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೂತಿದ್ದ ತಮ್ಮನಿಗೆ

ನಿಮ್ಮ ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ನೀವು ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ನಾನು ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷದವನು, ಅಂದರೆ ರಾಕ್ಷಸ ಪಾತ್ರ ಮಾಡುವವನು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ಮತ್ತೆ ಮೇಳ ಹೊರಡುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳವೋ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯೋ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥವನಿಗೆ ಅಂತರ್ಜಾಲದಲ್ಲಿ ಒಂದು ಜಾಗ ಮಾಡಿಕೊಟ್ಟವರು ನೀವು.

ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ (ಮುಳ್ಳಿನಂತೆ ಎದ್ದು ನಿಲ್ಲುವ ಬಿಳಿ ಚುಕ್ಕೆ) ಇಡುತ್ತಿದ್ದಾಗ ಪಕ್ಕದ ಚಾಪೆಯಲ್ಲಿ ಕೂತಿದ್ದಿರಿ. ಕೆನ್ನೆ ಅಲುಗಿದರೆ ಹಿಟ್ಟು ಬಿರಿಯುತ್ತದೆಂದು, ಆ ಕೆಲಸ ಮುಗಿಯುವವರೆಗೆ ಒಂದು ಪ್ರಶ್ನೆಯನ್ನೂ ಕೇಳದೆ ಕಾದಿರಿ. ಬೆಳಿಗ್ಗೆ ಬಣ್ಣ ತೆಗೆದ ಮೇಲೆ ನಾನು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ, ನನ್ನ ಮಾತಿನ ಹಾಗೆಯೇ ಬರೆದಿರಿ. ತಿದ್ದಿ ಚಂದ ಮಾಡಲಿಲ್ಲ. ನನಗೆ ಅದೇ ದೊಡ್ಡದು.

"ಪೋಸ್ಟರಿನ ಚಿತ್ರದೊಳಗಿನ ಅಕ್ಷರ ಹುಡುಕುವವರಿಗೆ ಸುಲಭಕ್ಕೆ ಸಿಗುವುದಿಲ್ಲ ಅಣ್ಣ, ಪ್ರಸಂಗ, ವೇಷ, ಊರು ಎಲ್ಲ ಯುನಿಕೋಡಿನಲ್ಲಿ ಟೈಪ್ ಮಾಡಿ" ಎಂದು ಕಲಿಸಿದಿರಿ. ಈಗ ಪ್ರತಿ ಫೋಟೊದ ಕೆಳಗೆ ಚೆಂಡೆ, ಮದ್ದಳೆಯವರ ಹೆಸರನ್ನೂ ನಾನೇ ಬರೆಯುತ್ತೇನೆ. ಇಲ್ಲದಿದ್ದರೆ ಅವರ ಹೆಸರನ್ನು ಯಾರು ಬರೆಯುತ್ತಿದ್ದರು ಹೇಳಿ?

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಮುಂಬಯಿಯಿಂದ ಫೋನ್ ಬಂತು, ಆ ಬರಹ ಓದಿದವರೇ. ತಾಳಮದ್ದಳೆಯಲ್ಲಿ ಮಹಿಷಾಸುರನ ಅರ್ಥ (ಪಾತ್ರದ ಮಾತು) ಹೇಳಲು ಕರೆದರು. ಬಂದ ಸಂಭಾವನೆಯಲ್ಲಿ ಸ್ವಲ್ಪ ಕೊಡಲು ಬಂದರೆ ನೀವು ಕೈ ಹಿಂದೆ ಕಟ್ಟಿಕೊಂಡಿರಿ. ಈ ಸಲ ಪತ್ತನಾಜೆಯ ಮರುದಿನ ಮನೆಗೆ ಊಟಕ್ಕೆ ಬನ್ನಿ. ಅದಕ್ಕೂ ಬೇಡ ಅನ್ನಬಾರದು.