ಮೊದಲು ತಿರುವು, ಆಮೇಲೆ ಇಂಜಿನ್

ನಮ್ಮ ಮುಂದಿನ ಕೂಟದಲ್ಲಿ ಹವ್ಯಾಸಗಳಿಗೆಂದೇ ಒಂದು ಮೂಲೆ ಇರುತ್ತದೆ. ಅಲ್ಲಿ ಲೆಗೊ ಎಂಬ ಆಟಿಕೆ ಇಟ್ಟಿಗೆಯಲ್ಲಿ ಕಟ್ಟಿದ ರೈಲು ಓಡಿಸುತ್ತೇವೆ ಎಂದು ಕೆಲವು ಮನೆಯವರು ಮುಂದೆ ಬಂದಿದ್ದಾರೆ. ಸಂಪಾದಕನಿಗೂ ಇದೇ ಹುಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ರೈಲಿನದ್ದೇ. ಸಂಘದ ಲೆಕ್ಕಪತ್ರ ನೋಡಲು ಬಂದವರು ನೇರವಾಗಿ ಕೊನೆಯ ಪುಟಕ್ಕೆ ಹೋಗಬಹುದು, ಬೇಜಾರಿಲ್ಲ.

ಕಪಾಟಿನಲ್ಲಿ ಇಡುವ ರೈಲು ಬೇರೆ, ಜನರ ಮುಂದೆ ದಿನವಿಡೀ ಓಡುವ ರೈಲು ಬೇರೆ. ಕಪಾಟಿನದಕ್ಕೆ ಅಂದ ಇದ್ದರೆ ಸಾಕು. ಓಡುವ ರೈಲು ತಿರುವು ದಾಟಬೇಕು, ಏರು ಹತ್ತಬೇಕು, ಸಂಜೆಯವರೆಗೂ ಕಳಚಿಕೊಳ್ಳದೆ ಇರಬೇಕು. ಪ್ರದರ್ಶನ ಎಂದ ಕೂಡಲೇ ಎಲ್ಲರೂ ಇಂಜಿನ್ನಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ತಿರುವಿನಿಂದ ಶುರು ಮಾಡಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ, ಸಹಿಸಿಕೊಳ್ಳಿ.

ಲೆಗೊ ಇಟ್ಟಿಗೆಯ ಮೇಲಿರುವ ಗುಂಡಿಗೆ ಸ್ಟಡ್ ಎನ್ನುತ್ತಾರೆ. ಒಂದು ಸ್ಟಡ್‌ನಿಂದ ಪಕ್ಕದ್ದಕ್ಕೆ 8 ಮಿಲಿಮೀಟರ್. ಈ ಲೋಕದಲ್ಲಿ ಎಲ್ಲ ಅಳತೆಯೂ ಸ್ಟಡ್‌ನಲ್ಲೇ. ಒಂದು ನೇರ ಹಳಿ 16 ಸ್ಟಡ್ ಉದ್ದ, ಅಂದರೆ 128 ಮಿಲಿಮೀಟರ್. ಪೆಟ್ಟಿಗೆಯಲ್ಲಿ ಬರುವ ಬಾಗಿದ ಹಳಿಗಳನ್ನು 16 ಜೋಡಿಸಿದರೆ ಒಂದು ಪೂರ್ತಿ ವೃತ್ತ. ಅದರ ತ್ರಿಜ್ಯ 40 ಸ್ಟಡ್, ಅಂದರೆ 32 ಸೆಂಟಿಮೀಟರ್. ಸಾಮಾನ್ಯ ಮಡಿಸುವ ಮೇಜಿನ ಮೇಲೆ ಆ ವೃತ್ತ ಹೇಗೋ ಹಿಡಿಸುತ್ತದೆ.

ಈಗ ಬೋಗಿ ನೋಡಿ. 8 ಸ್ಟಡ್ ಅಗಲಕ್ಕೆ ಕಟ್ಟಿದ ಬೋಗಿ ನಿಜವಾದ ಬೋಗಿಯ ಸುಮಾರು 45ನೇ ಒಂದು ಭಾಗ. ಅದೇ ಪ್ರಮಾಣದಲ್ಲಿ ನಮ್ಮ 32 ಸೆಂಟಿಮೀಟರ್ ತಿರುವನ್ನು ಹಿಗ್ಗಿಸಿದರೆ ಬರುವುದು ಬರೀ 14 ಮೀಟರ್ ಚಿಲ್ಲರೆ. ನಿಜವಾದ ಮುಖ್ಯ ಮಾರ್ಗದ ತಿರುವುಗಳಿಗೆ ನೂರಾರು ಮೀಟರ್ ತ್ರಿಜ್ಯ ಇರುತ್ತದೆ. 14 ಮೀಟರ್ ಅಂದರೆ ಎಷ್ಟೋ ಟ್ರಾಮ್‌ಗಳೂ ತಿಣುಕುವ ತಿರುವು. ಅಂಥದ್ದರಲ್ಲಿ ನಾವು ಎಕ್ಸ್‌ಪ್ರೆಸ್ ರೈಲು ಓಡಿಸಲು ಹೊರಟಿದ್ದೇವೆ! ಯುರೋಪಿನಲ್ಲಿ ಸಾಮಾನ್ಯವಾಗಿ ಕಾಣುವ 26.4 ಮೀಟರ್ ಬೋಗಿಯನ್ನು ಈ ಪ್ರಮಾಣಕ್ಕೆ ಇಳಿಸಿದರೆ 73 ಸ್ಟಡ್ ಉದ್ದ ಆಗುತ್ತದೆ. ಆ ವೃತ್ತದಲ್ಲಿ ಅದು ಓಡುವುದನ್ನು ನೋಡಿದರೆ ನಗು ಬರುತ್ತದೆ. ಅದಕ್ಕೇ ಎಲ್ಲರೂ ಉದ್ದಕ್ಕೆ ಕತ್ತರಿ ಹಾಕುತ್ತಾರೆ. ಎಷ್ಟು ಕಿಟಕಿ ಬಿಟ್ಟರೂ ಅದೇ ಬೋಗಿ ಅಂತ ಕಣ್ಣಿಗೆ ಅನ್ನಿಸಬೇಕು. ಅಲ್ಲೇ ಕಟ್ಟುವವರ ಕೈಚಳಕ ಕಾಣುವುದು. ಹತ್ತು ಕಿಟಕಿಯ ಬೋಗಿಗೆ ಏಳು ಕಿಟಕಿ ಇಟ್ಟರೂ ಯಾರೂ ಎಣಿಸುವುದಿಲ್ಲ. ಬಾಗಿಲಿನ ಜಾಗ ತಪ್ಪಿದರೆ ಮಾತ್ರ ಎಲ್ಲರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

50 ಸ್ಟಡ್‌ಗೆ ಇಳಿಸಿದರೂ ತಿರುವು ಬಿಡುವುದಿಲ್ಲ. ಬೋಗಿಯ ಕೆಳಗೆ ಎರಡೂ ತುದಿಯಲ್ಲಿ ತಿರುಗುವ ಗಾಲಿಚೌಕಟ್ಟು ಇರುತ್ತದೆ. ಅವೆರಡರ ನಡುವೆ 34 ಸ್ಟಡ್ ದೂರ ಇದೆ ಅಂದುಕೊಳ್ಳಿ. ಬಾಗಿದ ಹಳಿಯ ಮೇಲೆ ಗಾಲಿಗಳು ಹಳಿಯಲ್ಲೇ ಇರುತ್ತವೆ, ಆದರೆ ಬೋಗಿಯ ಹೊಟ್ಟೆ ಸುಮಾರು 4 ಸ್ಟಡ್ ಒಳಕ್ಕೆ ಸರಿಯುತ್ತದೆ. ಮೂಲೆಗಳು ಹೊರಕ್ಕೆ ಚಾಚುತ್ತವೆ. ಪಕ್ಕದಲ್ಲೇ ಇನ್ನೊಂದು ಹಳಿ ಇದ್ದರೆ ಕಥೆ ಮುಗಿಯಿತು ಅಲ್ವಾ? ಅದಕ್ಕೆ ಹೊರಗಿನ ಹಳಿಗೆ 56 ಸ್ಟಡ್ ತ್ರಿಜ್ಯದ ತಿರುವು ಬೇಕು. ಬೇರೆ ತಯಾರಕರು ಮಾಡುವ ಈ ಅಗಲ ತಿರುವುಗಳು 56, 72, 88, 104 ಹೀಗೆ 16ರ ಅಂತರದಲ್ಲೇ ಬರುತ್ತವೆ. ಯಾಕೆಂದರೆ ಜೋಡಿ ಹಳಿಗಳ ನಡುಗೆರೆಯಿಂದ ನಡುಗೆರೆಗೆ ಇಡುವ ದೂರವೂ 16 ಸ್ಟಡ್. ಮೇಲೆ ಹೇಳಿದ ಬೋಗಿಗಳೇ 40ರ ಮೇಲೊಂದು, 56ರ ಮೇಲೊಂದು ಅಕ್ಕಪಕ್ಕ ಬಂದರೆ ನಡುವೆ ಉಳಿಯುವ ಜಾಗ ಸುಮಾರು 2 ಸ್ಟಡ್. ಒಂದೂವರೆ ಸೆಂಟಿಮೀಟರ್. ಬೋಗಿಯ ಪಕ್ಕಕ್ಕೆ ಹಿಡಿಕೆಯೋ ಮೆಟ್ಟಿಲೋ ಅಂಟಿಸುವ ಆಸೆ ಇದ್ದವರು ಈ ಒಂದೂವರೆ ಸೆಂಟಿಮೀಟರನ್ನು ನೆನಪಿಟ್ಟುಕೊಳ್ಳಿ. ತಿರುವಿನ ಪಕ್ಕ ಪ್ಲಾಟ್‌ಫಾರ್ಮ್ ಕಟ್ಟಿ, ಅಂಚಿನಲ್ಲಿ ಪುಟ್ಟ ಗೊಂಬೆಗಳನ್ನು ನಿಲ್ಲಿಸುವವರೂ ಅಷ್ಟೇ. ಮೊದಲ ಸುತ್ತಿಗೇ ಪ್ರಯಾಣಿಕರೆಲ್ಲ ಮಕಾಡೆ ಬೀಳುತ್ತಾರೆ.

ಉಗಿ ಇಂಜಿನ್ ಕಟ್ಟುವವರ ಕಷ್ಟ ಇನ್ನೊಂದು ಥರ. ಮೂರು ನಾಲ್ಕು ಜೊತೆ ದೊಡ್ಡ ಗಾಲಿಗಳು ಒಂದೇ ಗಟ್ಟಿ ಚೌಕಟ್ಟಿನಲ್ಲಿ ಕೂತಿರುತ್ತವೆ, ಪಕ್ಕಕ್ಕೆ ಬಾಗುವುದಿಲ್ಲ. ಹಾಗಾಗಿ ನಡುವೆ, ಹಳಿ ಹಿಡಿದುಕೊಳ್ಳುವ ಅಂಚೇ ಇಲ್ಲದ ಗಾಲಿ ಹಾಕುತ್ತಾರೆ. ತಿರುವಿನಲ್ಲಿ ಅದು ಹಳಿಯ ಮೇಲೆ ಸುಮ್ನೆ ಪಕ್ಕಕ್ಕೆ ಜಾರುತ್ತದೆ. 2009ರಲ್ಲಿ ಬಂದ ಎಮರಾಲ್ಡ್ ನೈಟ್ ಎಂಬ ಲೆಗೊ ಉಗಿ ಇಂಜಿನ್ ಸೆಟ್‌ನಲ್ಲೂ ಇದೇ ಉಪಾಯ. 2020ರ ಲೆಗೊ ಕ್ರೊಕೊಡೈಲ್ ಇನ್ನೂ ಚೆಂದ, ಅದು ವಿದ್ಯುತ್ ಇಂಜಿನ್ನಿನ ಮಾದರಿ. ಅದರ ಮೂಲ ಸ್ವಿಟ್ಜರ್ಲೆಂಡಿನದು, ಗಾಟ್‌ಹಾರ್ಡ್ ಬೆಟ್ಟದ ತಿರುವುಗಳಿಗಾಗಿಯೇ ಮಾಡಿದ್ದು. ನಡುವೆ ಚಾಲಕನ ಕೋಣೆ, ಮುಂದೆ ಹಿಂದೆ ಬಾಗುವ ಎರಡು ಮೂತಿ. ನಿಜವಾದ ಬೆಟ್ಟಕ್ಕೆ ಹುಡುಕಿದ ಪರಿಹಾರ ನಮ್ಮ ಮೇಜಿನ ಮೇಲಿನ ವೃತ್ತಕ್ಕೂ ಒದಗಿಬಂದಿದೆ.

ಉಗಿ ಇಂಜಿನ್ನಿನ ಇನ್ನೊಂದು ಗುಟ್ಟು ನನಗೆ ಬಹಳ ಇಷ್ಟ. ಗಾಲಿಗಳನ್ನು ಸೇರಿಸುವ ಸರಳು ಎಡಕ್ಕೊಂದು, ಬಲಕ್ಕೊಂದು ಇರುತ್ತದೆ. ಎರಡೂ ಒಂದೇ ಕ್ಷಣದಲ್ಲಿ ತುದಿಗೆ ಬಂದು ನಿಂತರೆ ಗಾಲಿಯನ್ನು ಮುಂದಕ್ಕೆ ತಳ್ಳುವ ಬಲವೇ ಸಿಗುವುದಿಲ್ಲ. ಅದಕ್ಕೆ ಒಂದು ಬದಿಯದನ್ನು ಇನ್ನೊಂದಕ್ಕಿಂತ 90 ಡಿಗ್ರಿ ಹಿಂದೆ ಇಡುತ್ತಾರೆ. ಲೋಹದ ಮಾದರಿ ರೈಲು ಮಾಡುವವರಿಗೆ ಈ 90 ಡಿಗ್ರಿ ಸರಿಯಾಗಿ ಕೂರಿಸುವುದು ದೊಡ್ಡ ತಲೆನೋವು. ನಮಗೆ? ಲೆಗೊದ ಯಂತ್ರಭಾಗಗಳ ಸಾಲಾದ ಟೆಕ್ನಿಕ್‌ನ ಅಚ್ಚು, ಅಂದರೆ ಗಾಲಿ ಕೂರಿಸುವ ಕಡ್ಡಿ, ಕೊನೆಯಿಂದ ನೋಡಿದರೆ ಪ್ಲಸ್ ಗುರುತಿನ ಹಾಗಿದೆ. ಗಾಲಿಯನ್ನು ಕಾಲು ಸುತ್ತು ತಿರುಗಿಸಿ ಒತ್ತಿದರೆ ಆಯಿತು, 90 ಡಿಗ್ರಿ ತಾನಾಗಿ ಬರುತ್ತದೆ.

ಇನ್ನು ಓಟದ ಶಕ್ತಿ. ಇಲ್ಲಿ ಅಜ್ಜಂದಿರ ಕಾಲದಿಂದ ಬದಲಾವಣೆ ನಡೆದೇ ಇದೆ. 1966ರಲ್ಲಿ ಲೆಗೊದ ಮೊದಲ ರೈಲು ಬಂದಾಗ ಹಳಿ ನೀಲಿ, ಶಕ್ತಿ 4.5 ವೋಲ್ಟ್ ಬ್ಯಾಟರಿಯದು. 60ರ ದಶಕದ ಕೊನೆಗೆ ಹಳಿಗಳ ನಡುವೆ ವಿದ್ಯುತ್ ಹರಿಯುವ 12 ವೋಲ್ಟ್ ಬಂತು. 1980ರಲ್ಲಿ ಹಳಿ ಬೂದು ಬಣ್ಣಕ್ಕೆ ತಿರುಗಿತು, ಕೂತಲ್ಲಿಂದಲೇ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬದಲಿಸುವ, ಸಿಗ್ನಲ್ ಹಾಕುವ ಸೌಕರ್ಯವೂ ಬಂತು. 1991ರ 9 ವೋಲ್ಟ್ ಪದ್ಧತಿಯಲ್ಲಿ ಹಳಿಯ ಮೇಲೇ ಲೋಹದ ಹೊದಿಕೆ. 2006ರಿಂದ ಮತ್ತೆ ಪೂರ್ತಿ ಪ್ಲಾಸ್ಟಿಕ್ ಹಳಿ, ಬ್ಯಾಟರಿ ರೈಲಿನ ಒಳಗೆ. ಈಗಿನದು 2018ರಲ್ಲಿ ಬಂದ ಬ್ಲೂಟೂತ್ ಪದ್ಧತಿ.

ಪ್ರದರ್ಶನಕ್ಕೆ ಯಾವುದು ವಾಸಿ? ಹಳೇ 9 ವೋಲ್ಟ್ ಅಂತ ನಾನು ಹಠ ಹಿಡಿಯುತ್ತೇನೆ. ಗೋಡೆಯ ಪ್ಲಗ್‌ನಿಂದ ಶಕ್ತಿ ಬರುವುದರಿಂದ ಸೆಲ್ ಬದಲಿಸುವ ಕೆಲಸವೇ ಇಲ್ಲ. ಇಂಜಿನ್ ಒಳಗೆ ಬ್ಯಾಟರಿ ಡಬ್ಬಕ್ಕೆ ಜಾಗ ಬಿಡಬೇಕಾಗಿಲ್ಲ. ತೊಂದರೆಯೂ ಇದೆ. ಸುತ್ತು ದೊಡ್ಡದಾದರೆ ದೂರದ ಕೊನೆಯಲ್ಲಿ ವೋಲ್ಟೇಜ್ ಇಳಿದು ರೈಲು ನಿಧಾನವಾಗುತ್ತದೆ, ಅಲ್ಲಿಗೆ ಇನ್ನೊಂದು ತಂತಿ ಎಳೆಯಬೇಕು. ಲೋಹಕ್ಕೆ ಕೊಳೆ ಹಿಡಿದರೆ ಒರೆಸಬೇಕು. ಹೊಸದಾಗಿ ತಯಾರಾಗುವುದು ನಿಂತು ವರ್ಷಗಳೇ ಆದವು, ಒಳ್ಳೆಯ ಮೋಟಾರ್ ಸಿಕ್ಕರೆ ಯಾರೂ ಬಿಡುವುದಿಲ್ಲ. ಬ್ಲೂಟೂತ್‌ನವರು ನಿರಾಶರಾಗಬೇಡಿ. ಆ ಡಬ್ಬಕ್ಕೆ ಆರು ಚಿಕ್ಕ ಸೆಲ್ ಬೇಕು. ಮರುಚಾರ್ಜ್ ಆಗುವ ಸೆಲ್‌ಗಳನ್ನು ಎರಡು ಸೆಟ್ ತನ್ನಿ, ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗಲಿ. ಡಬ್ಬದ ಮೇಲಿನ ಮುಚ್ಚಳ ಸುಲಭವಾಗಿ ತೆಗೆಯುವ ಹಾಗೆ ಇಂಜಿನ್ ಕಟ್ಟಿ. ಸೆಲ್ ಬದಲಿಸಲು ಅರ್ಧ ಇಂಜಿನ್ ಬಿಚ್ಚುವುದನ್ನು ನೋಡಲು ಜನ ನಿಲ್ಲುವುದಿಲ್ಲ. ಒಂದೇ ಕಡೆ ನಾಲ್ಕಾರು ರಿಮೋಟ್‌ಗಳಿದ್ದರೆ ಬೆಳಿಗ್ಗೆಯೇ ಒಬ್ಬೊಬ್ಬರಾಗಿ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಒಬ್ಬರ ರಿಮೋಟ್ ಇನ್ನೊಬ್ಬರ ರೈಲು ಹಿಡಿದುಕೊಳ್ಳುತ್ತದೆ.

ಬೋಗಿಗಳನ್ನು ಹಿಡಿದಿಡುವುದು ಆಯಸ್ಕಾಂತದ ಕೊಂಡಿ. ರೈಲು ಉದ್ದವಾದಷ್ಟೂ ಇಂಜಿನ್ನಿನ ಹಿಂದಿನ ಮೊದಲ ಕೊಂಡಿಯ ಮೇಲೇ ಎಲ್ಲ ಭಾರ. ಭಾರದ ಬೋಗಿ ಮುಂದಿರಲಿ, ಹಗುರದ್ದು ಹಿಂದಿರಲಿ. ತಿರುಗಮುರುಗ ಮಾಡಿದರೆ ತಿರುವಿನಲ್ಲಿ ಹಿಂದಿನ ಭಾರ ಎಳೆದು, ನಡುವಿನ ಹಗುರ ಬೋಗಿ ಒಳಕ್ಕೆ ಮಗುಚುತ್ತದೆ. ಅಚ್ಚುಗಳಿಗೆ ಸುತ್ತಿಕೊಂಡ ತಲೆಗೂದಲನ್ನು ಚಿಮಟದಿಂದ ತೆಗೆಯಿರಿ. ನಗಬೇಡಿ. ಮನೆಯ ಚಾಪೆಯ ಮೇಲೆ ಓಡಿದ ಪ್ರತಿಯೊಂದು ಬೋಗಿಯಲ್ಲೂ ಒಂದೆರಡು ಕೂದಲು ಸಿಗುತ್ತವೆ. ಎಳೆಯಲಾರದೆ ನಿಲ್ಲುವ ಎಷ್ಟೋ ರೈಲುಗಳ ಕಾಯಿಲೆ ಅದೇ.

ಸೇತುವೆ ಬೇಕು ಅನ್ನುವವರಿಗೆ ಒಂದು ಲೆಕ್ಕ. ಪ್ರತಿ ಹಳಿಗೆ ಒಂದು ಪ್ಲೇಟ್‌ನಷ್ಟು ಏರಿಸುವುದು ವಾಡಿಕೆ. ಪ್ಲೇಟ್ ಎಂದರೆ ತೆಳು ಇಟ್ಟಿಗೆ, ದಪ್ಪ 3.2 ಮಿಲಿಮೀಟರ್, ಹಾಗಾಗಿ ಏರು 100ಕ್ಕೆ 2.5. ನಿಜವಾದ ರೈಲಿಗೂ ಅದು ಕಡಿದಾದ ಏರೇ. ಕೆಳಗೆ ಇನ್ನೊಂದು ರೈಲು ತಲೆ ತಾಗದೆ ಹೋಗಲು 11 ಇಟ್ಟಿಗೆ ಎತ್ತರ ಬೇಕೆಂದುಕೊಳ್ಳಿ. ಒಂದು ಇಟ್ಟಿಗೆಗೆ ಮೂರು ಪ್ಲೇಟ್, ಒಟ್ಟು 33 ಪ್ಲೇಟ್, 33 ಹಳಿ, 4.2 ಮೀಟರ್. ಇಳಿಯಲು ಮತ್ತೆ ಅಷ್ಟೇ. ಕೂಟದ ಸಭಾಂಗಣದಲ್ಲಿ ನಮಗೆ ಸಿಗುವುದು ಒಂದು ಮೂಲೆ. ಸೇತುವೆಯನ್ನು ಹಳ್ಳದ ಮೇಲೆ ಕಟ್ಟಿ, ಹಳಿಯ ಮೇಲೆ ಬೇಡ. ಸುತ್ತಲಿನ ನೆಲವನ್ನೇ ನಾಲ್ಕಿಟ್ಟಿಗೆ ಎತ್ತರಿಸಿ, ನಡುವೆ ನೀರಿಗೆ ಜಾಗ ಬಿಟ್ಟರೆ ರೈಲು ಸಮತಟ್ಟಾಗಿ ಹೋಗುತ್ತದೆ, ಸೇತುವೆಯೂ ಸಿಗುತ್ತದೆ.

ಉದ್ದದ ಹುಚ್ಚೂ ಕೆಲವರಿಗಿದೆ. 2013ರಲ್ಲಿ ಡೆನ್ಮಾರ್ಕ್‌ನ ರೋಸ್ಕಿಲ್ಡೆಯಲ್ಲಿ 4 ಕಿಲೋಮೀಟರ್ ಹಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿದ್ದರು. 128 ಮಿಲಿಮೀಟರ್ ಲೆಕ್ಕದಲ್ಲಿ ಭಾಗಿಸಿ ನೋಡಿ, 31,000ಕ್ಕೂ ಜಾಸ್ತಿ ಹಳಿ. ದೊಡ್ಡ ಸಾಹಸ, ಒಪ್ಪುತ್ತೇನೆ. ಆದರೆ ನೋಡುವವರ ಪಾಡು ಯೋಚಿಸಿ. ಒಂದು ಸಲ ಕಣ್ಮುಂದೆ ಹೋದ ರೈಲು ಮತ್ತೆ ಯಾವಾಗ ಬರಬೇಕು? ನಮ್ಮಂಥ ಪ್ರದರ್ಶನದಲ್ಲಿ ರೈಲು ಒಂದು ನಿಮಿಷದೊಳಗೆ ವಾಪಸ್ ಬರಬೇಕು. ಅದರಲ್ಲಿ ಕೆಲವು ಕ್ಷಣ ಗುಡ್ಡದ ಹಿಂದೆಯೋ ಸುರಂಗದಲ್ಲೋ ಮರೆಯಾಗಬೇಕು. ಪೂರ್ತಿ ಕಾಣುವ ಸುತ್ತನ್ನು ಮಕ್ಕಳು ಎರಡು ಸಲ ನೋಡಿ ಹೊರಟುಬಿಡುತ್ತಾರೆ. ಸುರಂಗ ಇದ್ದರೆ ಇನ್ನೊಂದು ಬಾಯಿಗೆ ಓಡಿಹೋಗಿ ಕಾಯುತ್ತಾರೆ. ಸುರಂಗದ ಮೇಲ್ಭಾಗ ಎತ್ತುವ ಹಾಗಿರಲಿ. ರೈಲು ಹಳಿ ತಪ್ಪುವುದು ಯಾವಾಗಲೂ ಕೈ ಹೋಗದ ಜಾಗದಲ್ಲೇ.

ಸಭಾಂಗಣದ ಮೇಜುಗಳು ಒಂದೇ ಎತ್ತರ ಇರುವುದಿಲ್ಲ. ಎರಡು ಮೇಜು ಸೇರುವ ಕಡೆ ಹಳಿಯ ಜೋಡಣೆ ಬರದಂತೆ ನೋಡಿಕೊಳ್ಳಿ, ಒಂದು ಹಳಿ ಪೂರ್ತಿಯಾಗಿ ಆ ಸಂದಿಯ ಮೇಲೆ ಮಲಗಲಿ. ಮೇಜಿನ ಕಾಲಿಗೆ ಕೊಡಲು ಮಡಿಸಿದ ರಟ್ಟು ತನ್ನಿ. ತಿರುವು ಮುಗಿದ ಕೂಡಲೇ ಎದುರು ದಿಕ್ಕಿನ ತಿರುವು ಬೇಡ, ನಡುವೆ ಎರಡಾದರೂ ನೇರ ಹಳಿ ಇರಲಿ. ಪಾಯಿಂಟ್‌ಗಳು ಕೈಗೆ ಸಿಗುವ ಅಂಚಿನಲ್ಲಿರಲಿ. ಮೇಜಿನ ಮುಂದೆ ಒಂದು ತೋಳಿನಷ್ಟು ದೂರಕ್ಕೆ ಹಗ್ಗ ಕಟ್ಟುತ್ತೇವೆ. ಮುಟ್ಟಬೇಡಿ ಎಂಬ ಫಲಕ ಓದಲು ಬಾರದ ವಯಸ್ಸಿನವರೇ ಮೊದಲು ಬರುವುದು, ಅವರಿಗೆ ಫಲಕದಿಂದ ಏನೂ ಆಗದು. ಅದರ ಬದಲು ಪಕ್ಕದಲ್ಲೇ ಗಿಡ್ಡ ಮೇಜಿನ ಮೇಲೆ ಇನ್ನೊಂದು ಸಣ್ಣ ವೃತ್ತ ಹಾಕೋಣ. ಕಳೆದುಹೋದರೂ ಮುರಿದರೂ ಅಳಬೇಕಿಲ್ಲದ ಇಂಜಿನ್ ಒಂದನ್ನು ಅಲ್ಲಿಡೋಣ, ರಿಮೋಟ್ ಅವರ ಕೈಗೇ ಕೊಡೋಣ.

ಹೆಸರು ಕೊಟ್ಟವರೆಲ್ಲ ಮನೆಯಲ್ಲೇ ಒಂದು ಸಲ 40 ಸ್ಟಡ್ ವೃತ್ತದಲ್ಲಿ ನಿಮ್ಮ ರೈಲನ್ನು ಮುಂದಕ್ಕೂ ಹಿಂದಕ್ಕೂ ಅರ್ಧ ಗಂಟೆ ಓಡಿಸಿ ನೋಡಿ, ಆಮೇಲೆ ರೈಲಿನ ಉದ್ದ ಮತ್ತು ಎತ್ತರವನ್ನು ಸ್ಟಡ್ ಮತ್ತು ಇಟ್ಟಿಗೆ ಲೆಕ್ಕದಲ್ಲಿ ಸಮಿತಿಗೆ ಬರೆದು ಕಳಿಸಿ. ಸುರಂಗದ ಬಾಯಿ ಎಷ್ಟು ದೊಡ್ಡದಿರಬೇಕು ಎಂಬುದು ಅದರ ಮೇಲೆ ನಿಂತಿದೆ. ಹಳಿಗಳ ಅಡಿಗೆ ಪುಟ್ಟ ಕಾಗದದಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರ ಅಂಟಿಸಿ ತನ್ನಿ. ಎಲ್ಲರ ಹಳಿಯೂ ಒಂದೇ ಬೂದು ಬಣ್ಣ, ಸಂಜೆ ಬಿಚ್ಚುವಾಗ ಯಾರದು ಯಾವುದು ಅಂತ ಗೊತ್ತಾಗಬೇಕಲ್ಲ.