ಕಿಣ್ವವನ್ನು ಗುರುತುಚೀಟಿ ಎಂದುಕೊಳ್ಳಬೇಡ

ಪ್ರೀತಿಯ ಪುಟ್ಟೀ,

ಆಶೀರ್ವಾದಗಳು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಮೇಲ್ಮೈ ಕಿಣ್ವಗಳನ್ನೇ ಸಂಶೋಧನೆಗೆ ಆರಿಸಿಕೊಂಡೆ ಎಂದು ಓದಿ ಹಿಗ್ಗಿದೆ. ಆದರೆ ಅಂಥದ್ದೊಂದು ಕಿಣ್ವವಾದ ಸಿಡಿ39 ಇರುವ ಕೋಶಗಳನ್ನು ಎಣಿಸುವುದೇ ಮೊದಲ ಕೆಲಸ ಎಂದಿದ್ದೀಯ. ಎಣಿಸು, ಬೇಡ ಅನ್ನುವುದಿಲ್ಲ. ಅದನ್ನು ಕೋಶಕ್ಕೆ ಅಂಟಿಸಿದ ಗುರುತುಚೀಟಿ ಎಂದು ಮಾತ್ರ ತಿಳಿಯಬೇಡ. ಅದು ದುಡಿಯುವ ಕಿಣ್ವ. ಏನನ್ನು ಕತ್ತರಿಸುತ್ತಿದೆ, ಕತ್ತರಿಸಿದ ಮೇಲೆ ಹುಟ್ಟಿದ್ದು ಯಾರನ್ನು ಮುಟ್ಟಿತು ಎಂದು ಪ್ರತಿ ಸಲವೂ ಕೇಳು.

ಕೋಶಕ್ಕೆ ಶಕ್ತಿ ಕೊಡುವ, ಮೂರು ಫಾಸ್ಫೇಟ್ ಇರುವ ಎಟಿಪಿ ಅಣುವನ್ನೇ ನೋಡು. ಕೋಶದೊಳಗೆ ಅದು ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ, ಹೊರಗೆ ಸಾಮಾನ್ಯವಾಗಿ ನ್ಯಾನೋಮೋಲಾರ್ ಅಷ್ಟೇ, ಲಕ್ಷಾಂತರ ಪಟ್ಟು ಕಡಿಮೆ. ಕೋಶ ಒಡೆದರೆ ಎಟಿಪಿ ಹೊರಚೆಲ್ಲುತ್ತದೆ. ಕಸ ನುಂಗುವ ರಕ್ಷಕ ಕೋಶವಾದ ಮ್ಯಾಕ್ರೊಫೇಜ್ ತನ್ನ ಪಿ2ಎಕ್ಸ್7 ಗ್ರಾಹಕದಿಂದ ಅದನ್ನು ಗ್ರಹಿಸಿ ಉರಿಯೂತ ಹೆಚ್ಚಿಸುತ್ತದೆ. ಅಷ್ಟರಲ್ಲಿ ಸಿಡಿ39 ಎರಡು ಫಾಸ್ಫೇಟ್ ಕಿತ್ತು ಎಎಂಪಿ ಮಾಡುತ್ತದೆ. ಉಳಿದ ಒಂದನ್ನು ಸಿಡಿ73 ಎಂಬ ಇನ್ನೊಂದು ಮೇಲ್ಮೈ ಕಿಣ್ವ ತೆಗೆದರೆ ಅಡಿನೊಸಿನ್. ಈ ಅಡಿನೊಸಿನ್ ಎ2ಎ ಗ್ರಾಹಕಕ್ಕೆ ಕೂತಾಗ ಟಿ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣು ಏರುತ್ತದೆ, ಕೋಶ ತಣ್ಣಗಾಗುತ್ತದೆ. ಅಪಾಯ ಸಾರಿದ ಅಣುವಿನಿಂದಲೇ ಶಾಂತವಾಗು ಎನ್ನುವ ಅಣು ತಯಾರಾಗುವುದು ನನಗೆ ಇಂದಿಗೂ ಬೆರಗು. 2001ರಲ್ಲಿ ಓಟಾ ಮತ್ತು ಸಿಟ್ಕೊವ್‌ಸ್ಕಿ ಎಂಬ ವಿಜ್ಞಾನಿಗಳು, ಎ2ಎ ಇಲ್ಲದ ಇಲಿಗಳಲ್ಲಿ ಉರಿಯೂತ ಹತೋಟಿ ಮೀರುವುದನ್ನು ತೋರಿಸಿದರು. ಇದೇ ದಾರಿಯನ್ನು ಅನೇಕ ಕ್ಯಾನ್ಸರ್ ಗಡ್ಡೆಗಳು ತಮ್ಮ ರಕ್ಷಣೆಗೆ ಬಳಸಿಕೊಳ್ಳುತ್ತವೆ. ಹಾಗಾಗಿ ಈ ಕಿಣ್ವ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ಯಾವ ಅಂಗಾಂಶದಲ್ಲಿ, ಯಾವ ಹೊತ್ತಿನಲ್ಲಿ ಎಂದು ಮರುಪ್ರಶ್ನೆ ಹಾಕು.

ಜಾಗವೂ ಮುಖ್ಯ. ಟಿ ಕೋಶದ ಮೇಲ್ಮೈಯಲ್ಲಿ ಫಾಸ್ಫೇಟ್ ಕೀಳುವ ಇನ್ನೊಂದು ಕಿಣ್ವವಾದ ಸಿಡಿ45ರ ತಲೆ ಹೊರಗಿದ್ದರೂ ಕೆಲಸ ಮಾಡುವ ಭಾಗ ಕೋಶದ ಒಳಗಿದೆ. ಫಾಸ್ಫೇಟ್ ಅಂಟಿಸುವ ಕಿಣ್ವವಾದ ಎಲ್‌ಸಿಕೆ ಕೈನೇಸಿನ 505ನೇ ಸ್ಥಾನದ ಟೈರೋಸಿನ್ (ಒಂದು ಅಮೈನೊ ಆಮ್ಲ) ಮೇಲಿನ ತಡೆಯ ಫಾಸ್ಫೇಟನ್ನು ಅದು ತೆಗೆಯದಿದ್ದರೆ ಟಿ ಕೋಶ ಸರಿಯಾಗಿ ಎಚ್ಚರಗೊಳ್ಳದು. ಆದರೆ ಎರಡು ಕೋಶಗಳು ಒತ್ತಿ ನಿಂತ ಇಕ್ಕಟ್ಟಿನಿಂದ ಇದೇ ಸಿಡಿ45 ತನ್ನ ದೊಡ್ಡ ಗಾತ್ರದಿಂದಾಗಿ ಹೊರಕ್ಕೆ ಸರಿಯುತ್ತದೆ. ಆಗಲೇ ಟಿ ಕೋಶದ ಗ್ರಾಹಕದ ಮೇಲಿನ ಫಾಸ್ಫೇಟ್‌ಗಳು ಉಳಿದು ಸಂಕೇತ ಮುಂದೆ ಸಾಗುವುದು. ಎಚ್ಚರಿಸಲು ಈ ಕಿಣ್ವ ಬೇಕು, ಸಂಕೇತ ಸಾಗಲು ಅದೇ ದೂರವೂ ಇರಬೇಕು.

ಪ್ರಯೋಗದ ಮಾತು ಒಂದಿದೆ. ಕೋಶಗಳನ್ನು ಒರಟಾಗಿ ಹಿಡಿದರೆ ಅವೇ ಎಟಿಪಿ ಚೆಲ್ಲುತ್ತವೆ, ಆಮೇಲೆ ನೀನು ಅಳೆಯುವುದು ನಿನ್ನ ಕೈಯ ಒರಟುತನವನ್ನು. ಕೋಶ ಬೆಳೆಸಲು ಹಾಕುವ ಕರುವಿನ ಸೀರಮ್‌ನಲ್ಲಿ ಅಡಿನೊಸಿನ್ ಡಿಅಮಿನೇಸ್ ಎಂಬ ಕಿಣ್ವ ಇರುತ್ತದೆ. ನೀನು ಕಾಯುತ್ತಿರುವ ಅಡಿನೊಸಿನನ್ನು ಅದು ಇನೊಸಿನ್ ಮಾಡಿಬಿಡುತ್ತದೆ. ಸಿಡಿ73 ಸುಮ್ಮನಿದೆ ಎಂದು ತೀರ್ಮಾನಿಸುವ ಮೊದಲು ಸೀರಮ್ ಇಲ್ಲದೆಯೂ ಮಾಡಿ ನೋಡು. ನೀವು ಯಾವ ಮಾಧ್ಯಮದಲ್ಲಿ ಕೋಶ ಬೆಳೆಸುತ್ತೀರಿ ಎಂದು ಮುಂದಿನ ಕಾಗದದಲ್ಲಿ ತಪ್ಪದೆ ಬರೆ.

ನಿನ್ನ
ದೊಡ್ಡಪ್ಪ